ಜಡತ್ವವನ್ನು ಮರೆತ ಆಟ

ಬ್ರಹ್ಮಾವರ, ಕುಂದಾಪುರಗಳ ಕಡೆಯವರಿಗೆ ಕಂಬಳವನ್ನು ವಿವರಿಸಿ ಹೇಳಬೇಕಾದುದಿಲ್ಲ. ಕೆಸರನ್ನು ಚಿಮ್ಮಿಸುತ್ತ ಓಡಿಬರುವ ಕೋಣಗಳ ಜೋಡಿ ಗುರಿ ಮುಟ್ಟಿದೊಡನೆಯೇ ನಿಂತುಬಿಡುವುದೆ? ಇಲ್ಲ. ಆದುದರಿಂದಲೇ ಕರಾವಳಿಯ ಓಟದ ಕಂಬಳಗಳಲ್ಲಿ ಕರೆಯ ಕೊನೆಗೆ ಮಂಜೊಟ್ಟಿ ಎಂಬ ಏರನ್ನು ಕಟ್ಟಿರುತ್ತಾರೆ. ಅದನ್ನು ಹತ್ತುವಾಗ ಕೋಣಗಳ ವೇಗ ಕುಗ್ಗುತ್ತದೆ. ಚಲಿಸುವ ವಸ್ತು ಹಾಗೆಯೇ ಚಲಿಸುತ್ತಿರಲು ಹವಣಿಸುವ ಗುಣಕ್ಕೆ ಜಡತ್ವವೆಂದು ಹೆಸರು. ಈ ಗುಣವನ್ನು ಅಲಕ್ಷಿಸಿದ್ದರಿಂದಲೇ ಜಗತ್ಪ್ರಸಿದ್ಧವಾದ ಒಂದು ವಿಡಿಯೋ ಆಟ ತನ್ನ ಅಭಿಮಾನಿಗಳನ್ನು ನಿರಾಶೆಗೊಳಿಸಿತೆಂದರೆ ವಾಚಕರಿಗೆ ಸೋಜಿಗವಾದೀತು.

ಜಪಾನಿನ ಸೆಗಾ ಕಂಪೆನಿ 1991ರಲ್ಲಿ ‘ಸೋನಿಕ್ ದಿ ಹೆಜ್‌ಹಾಗ್’ ಎಂಬ ಆಟವನ್ನು ಹೊರತಂದಿತು. ಹೆಜ್‌ಹಾಗ್ ಎಂಬುದು ಮೈತುಂಬ ಮುಳ್ಳುಗಳಿರುವ, ಅಪಾಯ ಬಂದಾಗ ಚೆಂಡಿನಂತೆ ಮುದುಡಿಕೊಳ್ಳುವ ಪುಟ್ಟ ಪ್ರಾಣಿ. ಆಟದ ನಾಯಕನಾದ ನೀಲಿಬಣ್ಣದ ಸೋನಿಕ್ ಗುಡ್ಡ, ಇಳಿಜಾರು, ಬಳೆಯಂತೆ ಸುತ್ತಿದ ಹಾದಿಗಳಲ್ಲಿ ಓಡುತ್ತಾನೆ, ನೆಗೆಯುತ್ತಾನೆ, ಚೆಂಡಾಗಿ ಉರುಳುತ್ತಾನೆ.

ಈ ಓಟದ ಹಿಂದಿನ ಲೆಕ್ಕವನ್ನು ಈಗ ನೋಡೋಣ. ಪರದೆಯ ಮೇಲಿನ ಚಿತ್ರ ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದಾದುದು. ಅದು ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಹೀಗೆ ಮೂಡುವ ಒಂದೊಂದು ಚಿತ್ರವೂ ಒಂದು ಫ್ರೇಮು. ಆಟಗಾರನು ಗುಂಡಿಯನ್ನು ಒತ್ತಿ ಹಿಡಿದರೆ ಸೋನಿಕ್‌ನ ವೇಗ ಪ್ರತಿ ಫ್ರೇಮಿನಲ್ಲಿಯೂ ಒಂದು ಪಿಕ್ಸೆಲಿನ 256 ಅಂಶಗಳಲ್ಲಿ 12 ಅಂಶದಷ್ಟು ಮಾತ್ರ ಹೆಚ್ಚುತ್ತದೆ. ಸಮತಟ್ಟು ನೆಲದಲ್ಲಿ ಅವನ ಓಟದ ಗರಿಷ್ಠ ವೇಗ ಫ್ರೇಮಿಗೆ 6 ಪಿಕ್ಸೆಲ್. ಅದನ್ನು ಮುಟ್ಟಲು 128 ಫ್ರೇಮುಗಳು, ಎಂದರೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ಗುಂಡಿಯನ್ನು ಬಿಟ್ಟರೆ ಘರ್ಷಣೆಯಿಂದ ವೇಗ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ನಿಲ್ಲಲು ಕೂಡ ಅಷ್ಟೇ ಕಾಲ ಬೇಕು. ಚೆಂಡಾಗಿ ಉರುಳುವಾಗ ಘರ್ಷಣೆ ಅರ್ಧಕ್ಕೆ ಇಳಿಯುತ್ತದೆ.

ಇಳಿಜಾರಿನಲ್ಲಿ ಗುರುತ್ವಾಕರ್ಷಣವೂ ಸೇರುತ್ತದೆ. ಏರು ಸುಮಾರು 22 ಡಿಗ್ರಿಗಿಂತ ಕಡಿದಾದರೆ ಕಾಲಿನ ಬಲಕ್ಕಿಂತ ಕೆಳಗೆಳೆಯುವ ಬಲವೇ ಹೆಚ್ಚು. ಓಟದ ವೇಗ ಕುಗ್ಗುತ್ತಲೇ ಹೋಗುತ್ತದೆ. ಕಡಿದಾದ ಗೋಡೆಯ ಮೇಲೆ ವೇಗ ಫ್ರೇಮಿಗೆ 2.5 ಪಿಕ್ಸೆಲಿಗಿಂತ ಕಡಮೆಯಾದರೆ ಸೋನಿಕ್ ಕೆಳಕ್ಕೆ ಜಾರುತ್ತಾನೆ. ಆದುದರಿಂದ ಆಟಗಾರನು ಹಿಂದಿನ ಇಳಿಜಾರಿನಲ್ಲಿ ವೇಗವನ್ನು ಸಂಪಾದಿಸಿಕೊಂಡು ಮುಂದಿನ ಏರಿನಲ್ಲಿ ಅದನ್ನು ವ್ಯಯಮಾಡಬೇಕು. ಆಟದ ಸೊಗಸೆಲ್ಲ ಈ ಗಳಿಕೆ ವೆಚ್ಚಗಳಲ್ಲಿತ್ತು.

1994ರ ‘ಸೋನಿಕ್ ಅಂಡ್ ನಕಲ್ಸ್’ ಆದಮೇಲೆ ಹದಿನಾರು ವರ್ಷ ಕಳೆದು, 2010ರ ಅಕ್ಟೋಬರಿನಲ್ಲಿ ‘ಸೋನಿಕ್ ದಿ ಹೆಜ್‌ಹಾಗ್ 4’ರ ಮೊದಲನೆಯ ಭಾಗ ಬಂದಿತು. ಸೋನಿಕ್ ಟೀಮಿನೊಡನೆ ಸೇರಿ ಅದನ್ನು ರಚಿಸಿದ್ದು ಡಿಂಪ್ಸ್ ಎಂಬ ಸಂಸ್ಥೆ. ವಿಮರ್ಶಕರಲ್ಲಿ ಅನೇಕರು ಅದನ್ನು ಮೆಚ್ಚಿದರು. ಹಳೆಯ ಆಟಗಾರರಿಗಾದರೋ ಕೆಲವೇ ನಿಮಿಷಗಳಲ್ಲಿ ಕೊರತೆ ತಿಳಿದುಬಂದಿತು. ನೆಗೆತದ ನಡುವೆ ಗುಂಡಿಯನ್ನು ಬಿಟ್ಟರೆ ಮುನ್ನುಗ್ಗುವ ವೇಗ ತಟಕ್ಕನೆ ಇಲ್ಲವಾಗುತ್ತಿತ್ತು. ಕಡಿದಾದ ಗೋಡೆಯ ಮೇಲೆ ಸೋನಿಕ್ ವೇಗವಿಲ್ಲದೆಯೂ ನಿಲ್ಲಬಲ್ಲವನಾಗಿದ್ದನು. ಇಳಿಜಾರಿನಲ್ಲಿ ಉರುಳಿದರೆ ಮೊದಲಿನಂತೆ ವೇಗ ಕೂಡಿಬರುತ್ತಿರಲಿಲ್ಲ. ಚಿತ್ರಗಳು ಹೊಳಪಾಗಿದ್ದುವು, ಹಾದಿಗಳು ಪರಿಚಿತವಾಗಿದ್ದುವು. ಆದರೆ ಸಂಪಾದಿಸಿದ ವೇಗ ಕೈಯಲ್ಲಿ ಉಳಿಯುತ್ತಿರಲಿಲ್ಲ.

ಹಳೆಯ ಆಟವೇನೂ ನ್ಯೂಟನ್ನನ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುತ್ತಿರಲಿಲ್ಲ. ಅದರಲ್ಲಿ ಸೋನಿಕ್ ಗಾಳಿಯಲ್ಲಿರುವಾಗಲೇ ದಿಕ್ಕನ್ನು ಬದಲಿಸಬಲ್ಲನು. ನಾವು ನೀವು ಹಾಗೆ ಮಾಡಲಾರೆವು. ಆದರೂ ಅದು ನಿಸರ್ಗದಿಂದ ಒಂದು ಮುಖ್ಯ ಮಾತನ್ನು ಕಲಿತಿತ್ತು: ಕಾರಣವಿಲ್ಲದೆ ವೇಗ ಹುಟ್ಟದು, ಕಾರಣವಿಲ್ಲದೆ ಅಳಿಯದು. ಬಾಲ್ಯದಿಂದ ಚೆಂಡೆಸೆದು, ಸೈಕಲ್ ತುಳಿದು ನಮ್ಮ ಕೈಕಾಲುಗಳು ಈ ಮಾತನ್ನು ಸೂತ್ರದ ಹಂಗಿಲ್ಲದೆ ಅರಿತಿರುತ್ತವೆ. ಅದು ತಪ್ಪಿದಾಗ ಬುದ್ಧಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ.

2012ರಲ್ಲಿ ಎರಡನೆಯ ಭಾಗ ಚಲನೆಯನ್ನು ಕೆಲಮಟ್ಟಿಗೆ ತಿದ್ದಿಕೊಂಡು ಬಂದಿತು. ಮೂರನೆಯ ಭಾಗ ಬರಲೇ ಇಲ್ಲ. ಹಳೆಯ ಸೊಗಸನ್ನು ಮರಳಿ ತಂದದ್ದು 2017ರ ‘ಸೋನಿಕ್ ಮೇನಿಯಾ’. ಅದರ ನಿರ್ಮಾಣದಲ್ಲಿ ಮುಂದಾಳಾಗಿದ್ದ ಕ್ರಿಶ್ಚಿಯನ್ ವೈಟ್‌ಹೆಡ್ ಮೊದಲು ಈ ಆಟದ ಅಭಿಮಾನಿಯಾಗಿದ್ದವರು. ಹಳೆಯ ಚಲನೆಯ ಲೆಕ್ಕವನ್ನು ಬಿಡದೆ ಅಭ್ಯಸಿಸಿದವರು.

ಇಳಿಜಾರು ಹಲಗೆಗಳ ಮೇಲೆ ಗುಂಡುಗಳನ್ನು ಉರುಳಿಸಿ ಗೆಲಿಲಿಯೋ ಕಂಡುಕೊಂಡ ತತ್ತ್ವಗಳು 1638ರಲ್ಲಿ ಅಚ್ಚಾದುವು. ವಾಚಕರೂ ಪರೀಕ್ಷಿಸಬಹುದು. ಉದ್ದಕ್ಕೆ ಸೀಳಿದ ನೀರಿನ ಪೈಪೊಂದನ್ನು ತೊಟ್ಟಿಲಿನಂತೆ ಬಾಗಿಸಿ, ಒಂದು ತುದಿಯಿಂದ ಗೋಲಿಯನ್ನು ಬಿಡಿ. ಅದು ಇಳಿದು, ಎದುರು ಬದಿಯಲ್ಲಿ ಹೆಚ್ಚುಕಡಮೆ ಹೊರಟ ಎತ್ತರದವರೆಗೂ ಏರುವುದು. ಸೋತ ಅಷ್ಟಿಷ್ಟು ಎತ್ತರ ಘರ್ಷಣೆಯ ಪಾಲು. ಎದುರು ಬದಿಯನ್ನು ತಗ್ಗಿಸಿದಷ್ಟೂ ಗೋಲಿ ದೂರ ಸಾಗುವುದು. ಪೂರ್ತಿ ತಗ್ಗಿಸಿ, ಘರ್ಷಣೆಯನ್ನೂ ಇಲ್ಲವಾಗಿಸಿದರೆ ಅದು ಎಲ್ಲಿ ನಿಂತೀತು? ಯೋಚಿಸಿ ನೋಡಿ.