ಲ್ಯಾಪ್‌ಟಾಪ್ ಫ್ಯಾನ್ ಸದ್ದು ಮಾಡುತ್ತಿದೆಯೇ? ಮದರ್‌ಬೋರ್ಡ್ ಬದಲಿಸಲು ಒಪ್ಪುವ ಮೊದಲು ಇದನ್ನು ಓದಿ

ಕಾಸರಗೋಡು: ಲ್ಯಾಪ್‌ಟಾಪ್ ಕೊಂಡ ಮೊದಲ ವರ್ಷ ಅದರಲ್ಲಿ ಫ್ಯಾನ್ ಇದೆ ಎಂಬುದೇ ನಮಗೆ ಗೊತ್ತಾಗುವುದಿಲ್ಲ. ಎರಡನೆಯ ವರ್ಷದ ಬೇಸಿಗೆಯಲ್ಲಿ ಅದು ಆಗಾಗ ಜೋರಾಗಿ ಊದತೊಡಗುತ್ತದೆ. ಮೂರನೆಯ ವರ್ಷಕ್ಕೆ ಗರಗರ ಶಬ್ದ ಶುರು. ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಕಂಪೆನಿ ಕೊಡುವ ವಾರಂಟಿ ಒಂದೇ ವರ್ಷದ್ದು. ಹಾಗಾಗಿ ಸದ್ದು ಕೇಳುವ ಹೊತ್ತಿಗೆ ಖರ್ಚೆಲ್ಲ ನಮ್ಮ ತಲೆಗೇ ಬಂದಿರುತ್ತದೆ. ಅಂಗಡಿಗೆ ಒಯ್ದರೆ ಒಬ್ಬರು 600 ರೂಪಾಯಿ ಎನ್ನುತ್ತಾರೆ, ಇನ್ನೊಬ್ಬರು ಬೋರ್ಡ್ ಹೋಗಿದೆ, 12 ಸಾವಿರ ಆಗುತ್ತದೆ ಎನ್ನುತ್ತಾರೆ. ಇಬ್ಬರಲ್ಲಿ ಯಾರನ್ನು ನಂಬಬೇಕು?

ಇದಕ್ಕೆ ಉತ್ತರ ಆ ಸದ್ದಿನಲ್ಲೇ ಮುಕ್ಕಾಲು ಪಾಲು ಇದೆ. ಅದನ್ನು ತಿಳಿಯಲು ಒಳಗಿನ ವ್ಯವಸ್ಥೆ ಹೇಗಿದೆ ಎಂದು ಸ್ವಲ್ಪ ನೋಡೋಣ.

ಪ್ರೊಸೆಸರ್ ಚಿಪ್ಪಿನ ಮೇಲೆ ತಾಮ್ರದ ಒಂದು ಬಿಲ್ಲೆ ಕುಳಿತಿರುತ್ತದೆ. ಅದಕ್ಕೆ ಹೊಂದಿಕೊಂಡು ಚಪ್ಪಟೆಯಾದ ತಾಮ್ರದ ಕೊಳವೆ. ಈ ಕೊಳವೆ ಗಟ್ಟಿ ತಾಮ್ರದ್ದಲ್ಲ, ಒಳಗೆ ಟೊಳ್ಳು. ಗಾಳಿ ಹೊರತೆಗೆದು ಒಂದಿಷ್ಟು ನೀರು ಹಾಕಿ ಮುಚ್ಚಿರುತ್ತಾರೆ. ಚಿಪ್ಪಿನ ಬಿಸಿಗೆ ನೀರು ಆವಿಯಾಗಿ ಕೊಳವೆಯ ಇನ್ನೊಂದು ತುದಿಗೆ ಓಡುತ್ತದೆ. ಅಲ್ಲಿ ಬಾಚಣಿಗೆಯ ಹಲ್ಲುಗಳಂತೆ ತೆಳ್ಳನೆಯ ತಗಡುಗಳಿವೆ. ಫ್ಯಾನ್ ಅವುಗಳ ನಡುವೆ ಗಾಳಿ ಊದಿ ಬಿಸಿಯನ್ನು ಹೊರಗೆ ದಬ್ಬುತ್ತದೆ. ತಣಿದ ಆವಿ ಮತ್ತೆ ನೀರಾಗಿ ಹಿಂದಕ್ಕೆ ಬರುತ್ತದೆ. ಈ ಇಡೀ ಏರ್ಪಾಡಿನಲ್ಲಿ ತಿರುಗುವ, ಹಾಗಾಗಿ ಸವೆಯುವ ಭಾಗ ಎಂದರೆ ಫ್ಯಾನ್ ಒಂದೇ. ಸಾಮಾನ್ಯವಾಗಿ 5 ವೋಲ್ಟಿನಲ್ಲಿ ಓಡುವ, ಮೂರು ಅಥವಾ ನಾಲ್ಕು ವಯರ್‌ಗಳ ಪುಟ್ಟ ಮೋಟಾರು ಅದು. ಎರಡು ವಯರ್ ವಿದ್ಯುತ್ತಿಗೆ, ಒಂದು ಎಷ್ಟು ವೇಗದಲ್ಲಿ ತಿರುಗುತ್ತಿದ್ದೇನೆ ಎಂದು ಬೋರ್ಡಿಗೆ ತಿಳಿಸಲು, ನಾಲ್ಕನೆಯದು ಇದ್ದರೆ ಎಷ್ಟು ತಿರುಗಬೇಕೆಂಬ ಆದೇಶ ಪಡೆಯಲು.

ನಮ್ಮ ಊರಿನಲ್ಲಿ ಈ ಫ್ಯಾನಿಗೆ ಶತ್ರುಗಳು ಹೆಚ್ಚು. ಮುರಕಲ್ಲಿನ ಕೆಂಪು ಧೂಳು, ಕಡಲ ತೀರದ ಉಪ್ಪು ಗಾಳಿ, ಮಳೆಗಾಲದ ತೇವ. ಒಣ ಧೂಳು ಹಾರಿ ಹೋದೀತು, ಆದರೆ ತೇವ ಸೇರಿದ ಧೂಳು ತಗಡುಗಳ ಬಾಯಿಯಲ್ಲಿ ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಹೆದ್ದಾರಿ 66ರ ಅಗಲೀಕರಣ ನಡೆದ ವರ್ಷಗಳಲ್ಲಿ ರಸ್ತೆ ಬದಿಯ ಅಂಗಡಿಗಳಲ್ಲಿದ್ದ ಕಂಪ್ಯೂಟರ್‌ಗಳನ್ನು ಬಿಚ್ಚಿ ನೋಡಿದವರಿಗೆ ಇದು ಗೊತ್ತು. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಿನಿಮಾ ನೋಡುವವರು ಇದಕ್ಕೆ ಹತ್ತಿಯ ನೂಲನ್ನೂ ಸೇರಿಸುತ್ತಾರೆ. ಗಾಳಿಗೆ ದಾರಿ ಇಲ್ಲದಾಗ ಚಿಪ್ ಬಿಸಿಯಾಗುತ್ತದೆ, ಬೋರ್ಡು ಫ್ಯಾನಿಗೆ ಇನ್ನೂ ಜೋರಾಗಿ ತಿರುಗು ಎನ್ನುತ್ತದೆ, ಜೋರಾಗಿ ತಿರುಗಿದಷ್ಟೂ ಬೇರಿಂಗ್ ಬೇಗ ಸವೆಯುತ್ತದೆ.

ಸದ್ದು ಯಾವ ಬಗೆಯದು?

ಒಂದೇ ಸಮನೆ ಭರ್ರನೆ ಗಾಳಿ ಬೀಸುವ ಸದ್ದಾದರೆ ಫ್ಯಾನ್ ಸರಿಯಾಗಿಯೇ ಇದೆ. ಅದಕ್ಕೆ ಕೆಲಸ ಹೆಚ್ಚಾಗಿದೆ, ಅಷ್ಟೆ. ಒಂದೋ ಗಾಳಿಯ ದಾರಿಯಲ್ಲಿ ಧೂಳು, ಅಥವಾ ಯಾವುದೋ ತಂತ್ರಾಂಶ ಪ್ರೊಸೆಸರನ್ನು ದುಡಿಸುತ್ತಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸಿಪಿಯು ಎಂಬ ಸಾಲಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ದುಡಿಸುವವರು ಮೇಲೆ ಬರುತ್ತಾರೆ. ಮೂವತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್, ಆಂಟಿವೈರಸ್ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್, ಇವೇ ಸಾಮಾನ್ಯ ಅಪರಾಧಿಗಳು. ಏನೂ ಕೆಲಸ ಮಾಡದಿದ್ದಾಗಲೂ ಹೆಸರು ಕೇಳದ ಒಂದು ಪ್ರೋಗ್ರಾಂ ಸಿಪಿಯುವನ್ನು ತಿನ್ನುತ್ತಿದ್ದರೆ, ಪುಕ್ಕಟೆಯಾಗಿ ಇಳಿಸಿಕೊಂಡ ಕಳ್ಳ ತಂತ್ರಾಂಶದ ಜೊತೆ ಕುತಂತ್ರಾಂಶವೂ ಬಂದಿರಬಹುದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇರೆ ಯಾರೋ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಸುವುದೂ ಉಂಟು. ಇದಕ್ಕೆ ಹೊಸ ಫ್ಯಾನ್ ಹಾಕಿಸಿ ಏನು ಪ್ರಯೋಜನ?

ಗರಗರ, ಕಿರ್ರ್ ಎಂದು ತಿಕ್ಕುವ ಸದ್ದು, ಅದರಲ್ಲೂ ಬೆಳಿಗ್ಗೆ ಆನ್ ಮಾಡಿದಾಗ ಜೋರಾಗಿದ್ದು ಆಮೇಲೆ ತಗ್ಗುವಂಥದ್ದು, ಬೇರಿಂಗ್ ಸವೆದಿದೆ ಎಂಬುದರ ಲಕ್ಷಣ. ಲ್ಯಾಪ್‌ಟಾಪನ್ನು ಮೆಲ್ಲಗೆ ಓರೆ ಮಾಡಿದಾಗ ಸದ್ದು ಬದಲಾದರೆ ಸಂಶಯವೇ ಬೇಡ. ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ಆದರೆ ಈ ಓರೆ ಮಾಡುವ ಪರೀಕ್ಷೆ ಬೇಡ, ಡಿಸ್ಕಿಗೆ ಒಳ್ಳೆಯದಲ್ಲ. ಟಿಕ್ ಟಿಕ್ ಎಂಬ ಸದ್ದಾದರೆ ಯಾವುದೋ ವಯರ್ ಅಥವಾ ಕಸದ ಚೂರು ರೆಕ್ಕೆಗೆ ತಾಗುತ್ತಿರಬಹುದು. ಆದರೆ ಟಿಕ್ ಟಿಕ್ ಸದ್ದು ಹಾರ್ಡ್ ಡಿಸ್ಕಿನದ್ದೂ ಆಗಿರಬಹುದು. ಹಾಗಿದ್ದರೆ ಫ್ಯಾನಿನ ಚಿಂತೆ ಬಿಟ್ಟು ಆ ದಿನವೇ ಫೋಟೋ, ದಾಖಲೆಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ.

ಫ್ಯಾನನ್ನು ಪರೀಕ್ಷಿಸುವ ಸೌಲಭ್ಯ ಅನೇಕ ಲ್ಯಾಪ್‌ಟಾಪ್‌ಗಳಲ್ಲೇ ಇದೆ. ಆನ್ ಮಾಡುವಾಗ ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಬೇಕು, ಎಚ್‌ಪಿಯಲ್ಲಿ ಎಫ್2. ಎಚ್‌ಪಿಯಲ್ಲಿ ಆರಂಭದಲ್ಲೇ 90ಬಿ ಎಂಬ ಸಂಕೇತ ಬಂದರೆ ಫ್ಯಾನ್ ಸರಿಯಾಗಿ ತಿರುಗುತ್ತಿಲ್ಲ ಎಂದರ್ಥ. ಲೆನೊವೊ ಥಿಂಕ್‌ಪ್ಯಾಡ್ ಫ್ಯಾನ್ ಎರರ್ ಎಂದು ತೋರಿಸಿ ಆಫ್ ಆಗುತ್ತದೆ. ಇಂಥ ಸಂದೇಶ ಬಂದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅಂಗಡಿಯಲ್ಲಿ ಮಾತಾಡುವಾಗ ಬಾಯಿಮಾತಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಖರ್ಚಿಲ್ಲದ ಉಪಾಯಗಳನ್ನು ಮೊದಲು ಮಾಡಿ ನೋಡಿ. ಗಟ್ಟಿಯಾದ ಮೇಜಿನ ಮೇಲಿಡುವುದು, ಹಿಂಭಾಗವನ್ನು ಬೆರಳಿನಷ್ಟು ಎತ್ತರಿಸುವುದು. ಇಂಟೆಲ್ ಪ್ರೊಸೆಸರ್ ಇರುವವರು ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99 ಶೇಕಡಕ್ಕೆ ಇಳಿಸಿದರೆ ಟರ್ಬೋ ಎಂಬ ಹೆಚ್ಚುವರಿ ಓಟ ನಿಲ್ಲುತ್ತದೆ. ಒಂದು ಅಂಕಿಯ ವ್ಯತ್ಯಾಸ ಎಂದು ತಾತ್ಸಾರ ಬೇಡ. ಅಕ್ಷರ ಜೋಡಣೆ, ಇಂಟರ್‌ನೆಟ್‌ನಂಥ ಕೆಲಸಕ್ಕೆ ವೇಗ ಸಾಕಾಗುತ್ತದೆ, ಬಿಸಿ ಮಾತ್ರ ಗಮನಾರ್ಹವಾಗಿ ಇಳಿಯುತ್ತದೆ.

ಧೂಳು ತೆಗೆಯಲು ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಹಿಂದಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರನ್ನು ಬಿಡಿಸಬೇಕು. ಬ್ಯಾಟರಿ ಉಬ್ಬಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ಅದನ್ನು ಒತ್ತಬೇಡಿ, ಚುಚ್ಚಬೇಡಿ, ತಿಳಿದವರಿಗೆ ಒಪ್ಪಿಸಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮೋಟಾರು ಆಗ ಡೈನಮೋ ಆಗಿ ಬೋರ್ಡಿಗೆ ವಿದ್ಯುತ್ ಹಾಯಿಸುವ ಅಪಾಯವೂ ಇದೆ. ಟಯರಿಗೆ ಗಾಳಿ ಹಾಕುವ ಕಂಪ್ರೆಸರ್ ಬೇಡ, ಅದರ ಗಾಳಿಯಲ್ಲಿ ನೀರೂ ಎಣ್ಣೆಯೂ ಇರುತ್ತದೆ.

ಎಣ್ಣೆಯ ವಿಷಯ ಬಂತು. ಫ್ಯಾನಿಗೆ ಒಂದು ತೊಟ್ಟು ತೆಂಗಿನೆಣ್ಣೆ ಬಿಟ್ಟರೆ ಸರಿಹೋಗುತ್ತದೆ ಎನ್ನುವವರು ನಮ್ಮಲ್ಲಿ ಧಾರಾಳ ಇದ್ದಾರೆ. ದಯವಿಟ್ಟು ಮಾಡಬೇಡಿ. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗಿ ಧೂಳನ್ನು ಎಳೆದುಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆಯಾದರೆ ಕೆಲವು ವಾರ ಅಥವಾ ತಿಂಗಳು ಸದ್ದು ತಗ್ಗೀತು. ಸವೆದ ಬೇರಿಂಗ್ ಮಾತ್ರ ಎಣ್ಣೆಯಿಂದ ಮತ್ತೆ ಬೆಳೆಯುವುದಿಲ್ಲ. ಪರೀಕ್ಷೆಯ ವಾರ ದಾಟಿಸಲು ಅದು ಸಾಕು, ಹೊಸ ಫ್ಯಾನಿಗೆ ಬದಲಿ ಅಲ್ಲ.

ಹೊಸ ಫ್ಯಾನ್ ಎಂಬುದು ಹೆದರುವಂಥ ಖರ್ಚಲ್ಲ. ಸಾಮಾನ್ಯ ಮಾದರಿಗಳಿಗೆ ಆನ್‌ಲೈನಿನಲ್ಲಿ ಹೆಚ್ಚಾಗಿ 500ರಿಂದ 1,500 ರೂಪಾಯಿಯೊಳಗೆ ಸಿಗುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಫ್ಯಾನ್, ಬೆಲೆಯೂ ಹೆಚ್ಚು. ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಸಾಲದು, ಫ್ಯಾನಿನ ಮೇಲೆಯೇ ಅಂಟಿಸಿರುವ ಸಂಖ್ಯೆ, ವಯರುಗಳ ಎಣಿಕೆ, ಕನೆಕ್ಟರಿನ ಆಕಾರ ಮೂರೂ ಹೊಂದಬೇಕು. ಡೆಲ್, ಎಚ್‌ಪಿ, ಲೆನೊವೊ ಕಂಪೆನಿಗಳು ಅನೇಕ ಮಾದರಿಗಳ ರಿಪೇರಿ ಕೈಪಿಡಿಗಳನ್ನು ತಮ್ಮ ತಾಣಗಳಲ್ಲಿ ಉಚಿತವಾಗಿ ಇಟ್ಟಿವೆ. ಯಾವ ಸ್ಕ್ರೂ ಎಲ್ಲಿ ಎಂಬುದರಿಂದ ಹಿಡಿದು ಬಿಡಿಭಾಗದ ಸಂಖ್ಯೆಯವರೆಗೆ ಅದರಲ್ಲಿರುತ್ತದೆ. ಕೆಲವು ಮಾದರಿಗಳಲ್ಲಿ ಎರಡು ಮೂರು ಸ್ಕ್ರೂ ತೆಗೆದರೆ ಫ್ಯಾನ್ ಒಂದೇ ಕೈಗೆ ಬರುತ್ತದೆ. ಕೆಲವದರಲ್ಲಿ ತಾಮ್ರದ ಕೊಳವೆಯನ್ನೂ ಎಬ್ಬಿಸಬೇಕು. ಆಗ ಚಿಪ್ಪಿನ ಮೇಲಿನ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಲೇಬೇಕು, ಒಂದು ಭತ್ತದ ಕಾಳಿನಷ್ಟು ಸಾಕು. ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಬರೆದಿದ್ದರೆ ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೈ ನಡುಗುವವರು ಈ ಎರಡನೆಯ ಬಗೆಯನ್ನು ಅಂಗಡಿಗೆ ಬಿಡುವುದು ಲೇಸು.

ಅಂಗಡಿಯಲ್ಲಿ ಕೇಳಬೇಕಾದ ಮಾತು

ಬದಿಯಡ್ಕ ಕಡೆಯ ಪರಿಚಯದ ಮನೆಯೊಂದರ ಹುಡುಗಿ ಪದವಿ ಓದುತ್ತಿದ್ದಾಳೆ. ದುಬೈಯಲ್ಲಿರುವ ಮಾವ ತಂದುಕೊಟ್ಟ ಲ್ಯಾಪ್‌ಟಾಪ್ ಗರಗರ ಎನ್ನುತ್ತಾ ಅರ್ಧ ಗಂಟೆಗೆ ಆಫ್ ಆಗುತ್ತಿತ್ತು. ಪ್ರಾಜೆಕ್ಟ್ ವರದಿ ಒಪ್ಪಿಸಲು ಹತ್ತು ದಿನ ಉಳಿದಿತ್ತು. ಒಂದು ಕಡೆ ತೋರಿಸಿದಾಗ ಬೋರ್ಡ್ ಬದಲಿಸಬೇಕು, 11,500 ರೂಪಾಯಿ ಎಂದರು. ತಂದೆ ಅಡಿಕೆ ಮಾರಿದ ದುಡ್ಡಿನಿಂದ ಕೊಡಲು ಸಿದ್ಧರೂ ಆಗಿದ್ದರು. ಬೋರ್ಡು ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಇನ್ನೊಬ್ಬ ಮೆಕ್ಯಾನಿಕ್ ಬಿಚ್ಚಿ, ಫ್ಯಾನಿನ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು 5 ವೋಲ್ಟ್ ಬರುತ್ತಿರುವುದನ್ನು ತೋರಿಸಿದ. ಬೋರ್ಡು ಸರಿಯಿತ್ತು. ಫ್ಯಾನಿಗೆ 900, ಕೂಲಿ ಮತ್ತು ಪೇಸ್ಟಿಗೆ 500 ರೂಪಾಯಿ ತಗಲಿತು.

ಎಲ್ಲ ಅಂಗಡಿಯವರೂ ಮೋಸ ಮಾಡುತ್ತಾರೆ ಎಂದು ಇದರ ಅರ್ಥವಲ್ಲ. ಒಂದೊಂದು ಭಾಗವನ್ನು ಪರೀಕ್ಷಿಸುವುದಕ್ಕಿಂತ ಇಡೀ ಬೋರ್ಡ್ ಬದಲಿಸುವುದು ಕೆಲವರಿಗೆ ಸುಲಭ. ಸಮಯ ಅವರದು, ದುಡ್ಡು ನಮ್ಮದು. ಹೊಸ ಫ್ಯಾನ್ ಸಿಕ್ಕಿಸಿದರೂ ತಿರುಗದಿದ್ದರೆ, 5 ವೋಲ್ಟ್ ಬಾರದಿದ್ದರೆ ಆಗ ಬೋರ್ಡಿನ ಮಾತು. ಅಲ್ಲೂ ಸಣ್ಣ ಫ್ಯೂಸೋ ಚಿಪ್ಪೋ ಬದಲಿಸಿ ಸರಿಪಡಿಸುವವರು ಇದ್ದಾರೆ.

ಒಪ್ಪಿಸುವಾಗ ಅಂದಾಜು ಖರ್ಚನ್ನು ಬರಹದಲ್ಲಿ ಕೇಳಿ. ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಯಾವುದು, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಏನು ಎಂಬುದು ರಸೀದಿಯಲ್ಲಿರಲಿ. ಬದಲಿಸಿದ ಹಳೆಯ ಭಾಗ ವಾಪಸ್ ಬೇಕು ಎಂದು ಮೊದಲೇ ಹೇಳಿ. ಈ ಒಂದು ಮಾತು ಬಹಳ ಕೆಲಸ ಮಾಡುತ್ತದೆ. ಫ್ಯಾನ್ ಬದಲಿಸಲು ಪಾಸ್‌ವರ್ಡ್ ಕೊಡಬೇಕಾಗಿಯೂ ಇಲ್ಲ.

ಬಿಲ್ ಕೇಳಿದರೆ ಜಿಎಸ್‌ಟಿ ಆಗುತ್ತದೆ, ಬೇಡ ಬಿಡಿ ಎನ್ನುವುದು ಮಾಮೂಲು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಗಡಿನಾಡಿನ ನಮಗೆ ಈ ಕಾಯ್ದೆಯಲ್ಲಿ ಇನ್ನೊಂದು ಅನುಕೂಲವಿದೆ. ಮಂಜೇಶ್ವರ, ಕುಂಬಳೆ ಕಡೆಯ ಅನೇಕರು ರಿಪೇರಿಗೆ ಮಂಗಳೂರಿಗೆ ಹೋಗುತ್ತಾರೆ. 1986ರ ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದವರು ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಅಂದರೆ ಮಂಗಳೂರಿನ ಅಂಗಡಿಯ ಮೇಲಿನ ದೂರನ್ನು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಸಲ್ಲಿಸಿದರೆ ಸಾಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಹೇಳಿಕೊಳ್ಳಬಹುದು. ಅಲ್ಲಿ ಕನ್ನಡವೂ ನಡೆಯುತ್ತದೆ.

ಗಲ್ಫ್‌ನಿಂದ ತಂದ ಲ್ಯಾಪ್‌ಟಾಪ್ ಇರುವವರು ವಾರಂಟಿ ಮುಗಿದಿದೆ ಎಂದು ತಾವೇ ತೀರ್ಮಾನಿಸಬಾರದು. ಕೆಲವದಕ್ಕೆ ಅಂತಾರಾಷ್ಟ್ರೀಯ ವಾರಂಟಿ ಇರುತ್ತದೆ, ಕೆಲವದಕ್ಕೆ ಕೊಂಡ ದೇಶದಲ್ಲಿ ಮಾತ್ರ. ಕಂಪೆನಿಯ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ವಾರಂಟಿ ಉಳಿದಿದ್ದರೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ನಿಜಕ್ಕೂ ಬೋರ್ಡೇ ಹೋಗಿದ್ದರೆ ಲೆಕ್ಕ ಹಾಕಬೇಕು. ಅದೇ ಮಾದರಿಯ ಹಳೆಯ ಲ್ಯಾಪ್‌ಟಾಪ್ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ನೋಡಿ. ರಿಪೇರಿ ಅದರ ಅರ್ಧಕ್ಕಿಂತ ಹೆಚ್ಚಾದರೆ ನಾನಾದರೆ ಮಾಡಿಸುವುದಿಲ್ಲ. ಎಂಟನೆಯ ತಲೆಮಾರಿಗಿಂತ ಹಿಂದಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಹುತೇಕ ಯಾವುದಕ್ಕೂ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಫ್ಯಾನ್ ಒಂದೇ ಕೆಟ್ಟಿರುವ ಅಂಥ ಯಂತ್ರವನ್ನು ಎಸೆಯಬೇಕಾಗಿಲ್ಲ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲಿ. ಉಚಿತವಾಗಿ ಸಿಗುವ ಇಂಥ ವ್ಯವಸ್ಥೆ ಹಾಕಿಕೊಂಡರೆ ಕನ್ನಡ ಟೈಪಿಂಗ್, ಇಂಟರ್‌ನೆಟ್‌ಗೆ ಇನ್ನೂ ಕೆಲವು ವರ್ಷ ಬಂದೀತು.

ಗುಜರಿಗೆ ಕೊಡುವುದೇ ಆದರೆ ಮೊದಲು ಡಿಸ್ಕ್ ಅಥವಾ ಎಸ್‌ಎಸ್‌ಡಿ ತೆಗೆದಿಟ್ಟುಕೊಳ್ಳಿ. ಕೆಲವು ನೂರು ರೂಪಾಯಿಯ ಕೇಸಿನಲ್ಲಿ ಹಾಕಿದರೆ ಅದು ಪೆನ್‌ಡ್ರೈವ್‌ನಂತೆ ಕೆಲಸಕ್ಕೆ ಬರುತ್ತದೆ. ಬ್ಯಾಟರಿಯನ್ನು ಮಾತ್ರ ಕಸದ ಜೊತೆ ಸುಡಬೇಡಿ, ಮನೆಗೆ ಬರುವ ಹರಿತ ಕರ್ಮ ಸೇನೆಯವರಲ್ಲಿ ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತಾರೆ ಎಂದು ಕೇಳಿ.