ಒಂದೇ ಬೆಟ್ಟದ ಹಾದಿ, ಮೂರು ಬಗೆಯ ಪಯಣಿಗರು

ಅಮೆರಿಕದ ಬೆಟ್ಟಗಾಡಿನ ಎಷ್ಟೋ ಹಾದಿಗಳಲ್ಲಿ ನಡೆಯುವವರು, ಕುದುರೆ ಸವಾರರು, ಸೈಕಲ್ ಸವಾರರು ಮೂವರೂ ಓಡಾಡುತ್ತಾರೆ. ಯಾರು ಯಾರಿಗೆ ದಾರಿ ಬಿಡಬೇಕೆಂಬುದಕ್ಕೆ ಅಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಕ್ರಮವಿದೆ: ಸೈಕಲ್‌ನವರು ಉಳಿದಿಬ್ಬರಿಗೂ, ನಡೆಯುವವರು ಕುದುರೆಗೂ ದಾರಿ ಬಿಡಬೇಕು.

ಕುದುರೆಗೆ ಮೊದಲ ಮನ್ನಣೆ ಸಿಕ್ಕಿರುವುದು ಸವಾರನ ಅಂತಸ್ತಿನಿಂದಲ್ಲ, ಪ್ರಾಣಿಯ ಸ್ವಭಾವದಿಂದ. ಬೇಟೆಗೆ ಗುರಿಯಾಗುತ್ತಲೇ ಬಂದ ಜೀವ ಅದು. ಹಿಂದಿನಿಂದ ಸದ್ದಿಲ್ಲದೆ ನುಗ್ಗಿದ ಸೈಕಲ್‌ಗೆ ಬೆದರಿ ಓಟ ಕೀಳಬಹುದು. ಅದಕ್ಕೇ ಎದುರಾದವರು ನಿಂತು, ಸಾಧ್ಯವಾದರೆ ಇಳಿಜಾರಿನ ಬದಿಗೆ ಸರಿದು, ಮೆಲುದನಿಯಲ್ಲಿ ಸವಾರರನ್ನು ಮಾತನಾಡಿಸಬೇಕು. ದನಿ ಕೇಳಿದರೆ ಎದುರಿಗಿರುವುದು ಮನುಷ್ಯನೆಂದು ಕುದುರೆಗೆ ಗೊತ್ತಾಗುತ್ತದೆ.

ಹಾದಿ ಯಾರದೆಂಬ ಬಗ್ಗೆ ಈ ಬಳಕೆದಾರರ ನಡುವೆ ಜಗಳ ಜೋರಾದ ಜಾಗಗಳಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ ಮುಖ್ಯವಾದುದು. 1970ರ ದಶಕದಲ್ಲಿ ಮೌಂಟನ್ ಬೈಕಿಂಗ್ ರೂಪುಗೊಂಡದ್ದೂ ಅಲ್ಲಿನ ಟಮಾಲ್‌ಪೈಸ್ ಬೆಟ್ಟದ ಸುತ್ತಮುತ್ತಲೇ. ಸೈಕಲ್‌ಗಳ ವೇಗಕ್ಕೆ ಹಳೆಯ ಬಳಕೆದಾರರು ಹೆದರಿದರು. ಅನೇಕ ಕಿರುದಾರಿಗಳು ಸೈಕಲ್‌ಗೆ ಮುಚ್ಚಿದವು. 1988ರಲ್ಲಿ ಕ್ಯಾಲಿಫೋರ್ನಿಯಾದ ಸವಾರರು ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿ, ಹೊಣೆಯರಿತ ಸವಾರಿಯ ನಿಯಮಗಳನ್ನು ಪ್ರಚಾರ ಮಾಡತೊಡಗಿದರು.

ಪೂರ್ತಿ ನಿಷೇಧಕ್ಕಿಂತ ಹದವಾದ ಉಪಾಯವೂ ಉಂಟು. ಟಾಹೊ ಸರೋವರವನ್ನು ಸುತ್ತುವ ಹಾದಿಯ ಒಂದು ಭಾಗದಲ್ಲಿ ಸರಿಸಂಖ್ಯೆಯ ತಾರೀಖುಗಳಂದು ಮಾತ್ರ ಸೈಕಲ್‌ಗೆ ಪ್ರವೇಶ. ಇಷ್ಟು ಸರಳವಾದ, ಇಷ್ಟು ನ್ಯಾಯವಾದ ಏರ್ಪಾಡು ಅಪರೂಪ. ಶಾಂತಿ ಬೇಕಾದವರು ಬೆಸಸಂಖ್ಯೆಯ ದಿನ ಆರಿಸಿಕೊಳ್ಳಬಹುದು.

ಮಳೆಗೆ ಮಣ್ಣು ಮೆತ್ತಗಾದಾಗ ಮಾತ್ರ ಈ ಯಾವ ಕ್ರಮವೂ ಸಾಲದು. ಗೊರಸು, ಚಕ್ರ, ಬೂಟು ಮೂರೂ ಹಾದಿಯನ್ನು ಕೆಡಿಸುತ್ತವೆ; ನೆಲ ಒಣಗುವವರೆಗೆ ಎಲ್ಲರೂ ದೂರವಿರುವುದೇ ಸರಿ.