ನಾಲ್ಕು ತಂತಿ, ಮೂರು ಕಾರ್ಡ್: ತೆಂಗಿನ ಸೀಮೆಯ ಕ್ಯಾರಲ್ ತಂಡಕ್ಕೊಂದು ಪುಟ್ಟ ವಾದ್ಯ

ಡಿಸೆಂಬರ್ ತಿಂಗಳು ಬಂತೆಂದರೆ ಕರಾವಳಿಯ ನಮ್ಮ ಮನೆಗಳಲ್ಲಿ ಕುಸ್ವಾರ್ ತಯಾರಿ, ಗೋದಲಿ ಕಟ್ಟುವ ಗಡಿಬಿಡಿ, ವಾಳೆ ವಾಳೆಗಳಲ್ಲಿ ಕ್ಯಾರಲ್ ತಂಡಗಳ ತಿರುಗಾಟ. ಇದೇ ದಿನಗಳಲ್ಲಿ ಜಗತ್ತಿನ ಹಲವೆಡೆ ಉಕುಲೆಲೆ ಎಂಬ ಪುಟ್ಟ ತಂತಿವಾದ್ಯ ನುಡಿಸುವವರು ತಮ್ಮತಮ್ಮೊಳಗೆ ಒಂದು ಸವಾಲು ಹಾಕಿಕೊಳ್ಳುತ್ತಾರೆ. ಹಬ್ಬ ಬರುವಷ್ಟರಲ್ಲಿ ಇಷ್ಟು ಕ್ಯಾರಲ್ ಕಲಿಯಬೇಕು, ತಾವೇ ನುಡಿಸಿ ಹಾಡಿ ದಾಖಲಿಸಿ ಉಳಿದವರಿಗೆ ಕೇಳಿಸಬೇಕು. ಗೆದ್ದವರು, ಸೋತವರು ಎಂಬುದಿಲ್ಲ. ನಿನ್ನೆ ಮೊನ್ನೆ ವಾದ್ಯ ಕೈಗೆತ್ತಿಕೊಂಡವರೂ ಸೇರಬಹುದು. ಈ ಸವಾಲು ನಮಗೆ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬಂದೀತು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ನಮಗೆ ಎಂದಾಗ ಮನಸ್ಸಿನಲ್ಲಿರುವುದು ಮುಖ್ಯವಾಗಿ ಘಟ್ಟದ ಮೇಲಿನ ನಮ್ಮವರು. ಮಂಗಳೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಹತ್ತಿ, ಮೂಡಿಗೆರೆ, ಬೇಲೂರು, ಅರಸೀಕೆರೆ ದಾಟಿ ತಿಪಟೂರಿನ ಮೂಲಕ ತುಮಕೂರು ಸೇರುತ್ತದೆ. ಆ ರಸ್ತೆಯ ಒಂದು ಮಗ್ಗುಲಿಗೆ ತುರುವೇಕೆರೆ, ಇನ್ನೊಂದು ಮಗ್ಗುಲಿಗೆ ಚಿಕ್ಕನಾಯಕನಹಳ್ಳಿ. ಬ್ಯಾಂಕು, ಶಾಲೆ, ಆಸ್ಪತ್ರೆಯ ಕೆಲಸದ ಮೇಲೆ ಕರಾವಳಿಯವರು ಇಂಥ ಊರುಗಳಿಗೆ ಹೋಗಿ ನೆಲೆಸುವುದು ಹೊಸದೇನಲ್ಲ. ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತಕ್ಕೆ ಸೇರಿದ್ದು. ನಮ್ಮ ಕಡೆಯಂತೆ ಅಲ್ಲಿ ಮೈಲಿಗೊಂದು ಇಗರ್ಜಿ ಇಲ್ಲ. ಕ್ರೈಸ್ತ ಕುಟುಂಬಗಳು ಚದುರಿಹೋಗಿವೆ. ಮಂಗಳೂರಿನಲ್ಲಿ ಕ್ಯಾರಲ್‌ಗೆ ಹೊರಟರೆ ನಲವತ್ತು ಜನ, ಕೀಬೋರ್ಡ್, ಗಿಟಾರ್, ಡ್ರಮ್, ಸಾಂತಾಕ್ಲಾಸ್‌ಗೊಂದು ಅಲಂಕೃತ ವಾಹನ. ಅಲ್ಲಿ ನಾಲ್ಕೈದು ಜನ ಸೇರಿದರೆ ಅದೇ ತಂಡ. ನುಡಿಸುವವರಿಲ್ಲದ ಕಾರಣ ಮೊಬೈಲಿನಲ್ಲಿ ಹಿನ್ನೆಲೆ ಸಂಗೀತ ಹಾಕಿ, ಸ್ಪೀಕರ್ ಹಿಡಿದು, ಅದರ ಜೊತೆ ತುಟಿ ಅಲ್ಲಾಡಿಸುವುದಷ್ಟೇ ಇಂಥ ತಂಡಗಳ ಪಾಲಿಗೆ ಉಳಿಯುತ್ತದೆ. ಕೆಲವೊಮ್ಮೆ ಬಲಿಪೂಜೆಯಲ್ಲೂ ಹೀಗಾಗುತ್ತದೆ.

ಇದು ಸಣ್ಣ ವಿಷಯವಲ್ಲ. 1958ರ ಸೆಪ್ಟೆಂಬರ್ 3ರಂದು ರೋಮ್ ಹೊರಡಿಸಿದ ಪವಿತ್ರ ಸಂಗೀತದ ಸೂಚನೆಯು ಗ್ರಾಮಫೋನ್, ರೇಡಿಯೋದಂಥ ಯಂತ್ರಗಳು ಆರಾಧನಾ ವಿಧಿಯಲ್ಲಿ ಹಾಡುವವರ ಜಾಗ ಹಿಡಿಯಬಾರದೆಂದು ಕಟ್ಟುನಿಟ್ಟಾಗಿ ಹೇಳಿತು. ಆರಾಧನೆಯ ಹಾಡು ಅಲ್ಲಿ ನೆರೆದವರ ಬಾಯಿಂದಲೇ ಬರಬೇಕು ಎಂಬುದು ಅದರ ಹಿಂದಿನ ಕಾರಣ. ಬೀದಿಯ ಕ್ಯಾರಲ್‌ಗೆ ಈ ಕಾನೂನು ಅನ್ವಯಿಸುವುದಿಲ್ಲ ನಿಜ. ಆದರೆ ಯಂತ್ರ ಹಾಡಿ ನಾವು ನಿಂತುಕೊಳ್ಳುವುದಾದರೆ ಮನೆ ಮನೆಗೆ ಹೋಗುವುದೇಕೆ? ಟಿವಿ ಅವರ ಮನೆಯಲ್ಲೂ ಇದೆ.

ಹಾಗಾದರೆ ಒಂಟಿಯಾಗಿರುವ ತಂಡ ಏನು ಹಿಡಿದು ಹೋಗಬೇಕು? ಹಾರ್ಮೋನಿಯಂ ಭಾರ, ಕೀಬೋರ್ಡಿಗೆ ಕರೆಂಟು ಬೇಕು, ಗಿಟಾರಿನ ಆರು ಉಕ್ಕಿನ ತಂತಿ ಮಕ್ಕಳ ಬೆರಳಿಗೆ ನೋವು. ಉಕುಲೆಲೆ ಮುಂದೆ ಬರುವುದು ಇಲ್ಲಿ.

ಮದೀರಾದಿಂದ ಹವಾಯಿಗೆ

ಉಕುಲೆಲೆ ಹವಾಯಿ ದ್ವೀಪಗಳ ವಾದ್ಯವೆಂದು ಪ್ರಸಿದ್ಧವಾದರೂ ಅದರ ಮೂಲ ಪೋರ್ಚುಗೀಸರದ್ದು. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಮದೀರಾ ದ್ವೀಪದ ನಾನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೊನೊಲುಲು ತಲುಪಿತು. ಕಬ್ಬಿನ ತೋಟಗಳಲ್ಲಿ ದುಡಿಯಲು ಬಂದವರು ಅವರು. ಅವರಲ್ಲಿ ಮಾನುಯೆಲ್ ನುನೆಸ್, ಆಗುಸ್ತು ದಿಯಾಸ್, ಜೋಸೆ ದೊ ಎಸ್ಪಿರಿತು ಸಾಂತು ಎಂಬ ಮೂವರು ಮರಗೆಲಸದವರಿದ್ದರು. (ದಿಯಾಸ್ ಎಂಬ ಕುಲನಾಮ ನಮ್ಮ ಓದುಗರಿಗೆ ಹೊಸದಲ್ಲ!) ಊರಿನಲ್ಲಿ ನುಡಿಸುತ್ತಿದ್ದ ಮಷೇತಿ ಎಂಬ ಸಣ್ಣ ವಾದ್ಯದ ಮಾದರಿಯಲ್ಲಿ, ಹವಾಯಿಯ ಕೋವಾ ಮರ ಬಳಸಿ ಅವರು ಹೊಸ ವಾದ್ಯ ತಯಾರಿಸಿದರು. ದೊರೆ ಕಲಾಕೌವಾ ಅದನ್ನು ಮೆಚ್ಚಿ ಅರಮನೆಯ ಸಮಾರಂಭಗಳಿಗೆ ಬರಮಾಡಿಕೊಂಡರು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದ ಮೂಲಕ ಅದು ಅಮೆರಿಕದಲ್ಲೆಲ್ಲ ಹರಡಿತು. ಉಕುಲೆಲೆ ಎಂದರೆ 'ಹಾರುವ ಚಿಗಟ' ಎಂಬ ಅರ್ಥ ಜನಪ್ರಿಯವಾಗಿದೆ. ಹವಾಯಿಯ ಕೊನೆಯ ರಾಣಿ ಲಿಲಿಉಒಕಲಾನಿ ಮಾತ್ರ 'ಬಂದ ಕೊಡುಗೆ' ಎಂಬ ಅರ್ಥವನ್ನೇ ಇಷ್ಟಪಟ್ಟರು.

ತೆಂಗಿಗೂ ಈ ವಾದ್ಯಕ್ಕೂ ನಂಟಿದೆ. ನಾವು ಗೆರಟೆ ಎನ್ನುವ, ತಿಪಟೂರಿನವರು ಚಿಪ್ಪು ಎನ್ನುವ ತೆಂಗಿನ ಕರಟವನ್ನೇ ಒಡಲಾಗಿಸಿ, ಮೇಲೆ ತೆಳು ಹಲಗೆ ಕೂರಿಸಿ ಮಾಡಿದ ಉಕುಲೆಲೆಗಳೂ ಇವೆ. ರಾಜಸ್ಥಾನದ ರಾವಣಹತ್ಥ, ದಕ್ಷಿಣ ಚೀನಾದ ಯೆಹು ಎಂಬ ವಾದ್ಯಗಳಿಗೂ ಕರಟವೇ ಒಡಲು. ಆದರೆ ತಿಪಟೂರಿನಲ್ಲಿ ರಾಶಿ ರಾಶಿ ಚಿಪ್ಪು ಇದೆಯಲ್ಲ, ಮಾಡಿಬಿಡೋಣ ಎಂದು ಹೊರಡುವವರಿಗೆ ಒಂದು ಮಾತು. ಅಲ್ಲಿ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಲೊಡಲೊಡ ಸದ್ದಾದಾಗ ಸುಲಿಯುತ್ತಾರೆ. ಉಂಡೆ ಕೊಬ್ಬರಿ ಇಡಿಯಾಗಿ ಹೊರಬರಬೇಕಾದ್ದರಿಂದ ಒಡೆಯುವಾಗ ಚಿಪ್ಪಿನ ಮೇಲೆ ಯಾರಿಗೂ ಕನಿಕರವಿಲ್ಲ. ಅದು ಚೂರಾಗಿ ಒಲೆಗೋ ಇದ್ದಿಲಿಗೋ ಹೋಗುತ್ತದೆ. ವಾದ್ಯಕ್ಕೆ ಬೇಕಾದದ್ದು ಗರಗಸದಿಂದ ಸಮನಾಗಿ ಕೊಯ್ದ, ಬಿರುಕಿಲ್ಲದ ದೊಡ್ಡ ಕರಟ. ಜೊತೆಗೆ ಕೈಪಳಗಿದ ಬಡಗಿ. ಕಲಿಯುವವರು ಅಂಗಡಿಯ ಮರದ ವಾದ್ಯವನ್ನೇ ಕೊಳ್ಳುವುದು ಲೇಸು.

ಕಲಿಯುವುದೆಷ್ಟು ಸುಲಭ?

ಸೊಪ್ರಾನೊ ಎಂಬ ಸಾಮಾನ್ಯ ಅಳತೆಯ ಉಕುಲೆಲೆ ಸುಮಾರು 21 ಅಂಗುಲ ಉದ್ದ. ನಾಲ್ಕು ನೈಲಾನ್ ತಂತಿಗಳು. ಎದೆಗೊರಗಿಸಿ ಹಿಡಿದಾಗ ಮೇಲಿನಿಂದ ಕೆಳಕ್ಕೆ ಜಿ, ಸಿ, ಇ, ಎ ಎಂದು ಶ್ರುತಿ ಮಾಡುತ್ತಾರೆ. ವಿಶೇಷವೆಂದರೆ ಎಲ್ಲಕ್ಕಿಂತ ಮೇಲಿರುವ ಜಿ ತಂತಿ ಗಿಟಾರಿನಂತೆ ಮಂದ್ರವಲ್ಲ, ಸಿ ಮತ್ತು ಇ ತಂತಿಗಳಿಗಿಂತ ಏರು ಸ್ವರದ್ದು. ಆ ವಾದ್ಯದ ಗಿಲಿಗಿಲಿ ನಾದಕ್ಕೆ ಇದೇ ಕಾರಣ.

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ ಕಾರ್ಡ್ ಎನ್ನುತ್ತಾರೆ. ಸಿ ಕಾರ್ಡಿಗೆ ಒಂದೇ ಬೆರಳು ಸಾಕು: ಎ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದರಾಯಿತು. ಎಫ್ ಕಾರ್ಡಿಗೆ ಎರಡು ಬೆರಳು: ಜಿ ತಂತಿ ಎರಡನೇ ಫ್ರೆಟ್, ಇ ತಂತಿ ಒಂದನೇ ಫ್ರೆಟ್. ಜಿ ಸೆವೆನ್ ಕಾರ್ಡಿಗೆ ಮೂರು ಬೆರಳು: ಸಿ ಮತ್ತು ಎ ತಂತಿಗಳು ಎರಡನೇ ಫ್ರೆಟ್‌ನಲ್ಲಿ, ನಡುವಿನ ಇ ತಂತಿ ಒಂದನೇ ಫ್ರೆಟ್‌ನಲ್ಲಿ. ಈ ಮೂರು ಬಂದರೆ ಎಷ್ಟೋ ಕ್ಯಾರಲ್‌ಗಳಿಗೆ ಸಾಕು. ಕಷ್ಟವಿರುವುದು ಒಂದರಿಂದ ಇನ್ನೊಂದಕ್ಕೆ ತಾಳ ತಪ್ಪದೆ ಹೋಗುವುದರಲ್ಲಿ. ದಿನಕ್ಕೆ ಕಾಲು ಗಂಟೆಯಂತೆ ಅಭ್ಯಾಸ ಮಾಡುವ ಮಕ್ಕಳಿಗೆ ಕೆಲವು ವಾರಗಳಲ್ಲಿ ಇದು ಕೈಗೂಡುತ್ತದೆ.

ಮೊದಲ ಹಾಡಾಗಿ 'ಸೈಲೆಂಟ್ ನೈಟ್' ಆರಿಸಿಕೊಳ್ಳುವುದು ಸೂಕ್ತ. 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್‌ನ ಸಹಾಯಕ ಗುರು ಜೋಸೆಫ್ ಮೋರ್ ತಾವು ಎರಡು ವರ್ಷ ಹಿಂದೆ ಬರೆದಿದ್ದ ಕವಿತೆಯನ್ನು ಶಾಲಾ ಮಾಸ್ತರರೂ ಆರ್ಗನ್ ವಾದಕರೂ ಆಗಿದ್ದ ಫ್ರಾನ್ಸ್ ಸೇವರ್ ಗ್ರೂಬರ್ ಅವರ ಕೈಗಿತ್ತು, ಇಬ್ಬರು ಹಾಡಲು ಗಿಟಾರ್ ಜೊತೆಗೆ ರಾಗ ಕಟ್ಟಿಕೊಡಿ ಎಂದರು. ಅದೇ ರಾತ್ರಿ ಹಾಡಾಯಿತು. ಇಲಿಗಳು ಆರ್ಗನ್ ಕಡಿದು ಹಾಳುಮಾಡಿದ್ದವು ಎಂಬ ಕಥೆಗೆ ಆಧಾರವಿಲ್ಲ, ಗ್ರೂಬರ್ ತಾವೇ 1854ರಲ್ಲಿ ಬರೆದ ವಿವರಣೆಯಲ್ಲಿ ಇಲಿಯ ಸುದ್ದಿಯೇ ಇಲ್ಲ. ಆದರೆ ಜಗತ್ಪ್ರಸಿದ್ಧ ಕ್ಯಾರಲ್ ಒಂದು ಹುಟ್ಟಿದ್ದೇ ಕೈಯಲ್ಲಿ ಹಿಡಿಯುವ ತಂತಿವಾದ್ಯದ ಮೇಲೆ ಎಂಬುದು ಸತ್ಯ. ಈ ಹಾಡಿನ ತಗ್ಗಿನ ಸ್ವರಕ್ಕೂ ಏರು ಸ್ವರಕ್ಕೂ ಅಂತರ ಹೆಚ್ಚು. ಮೊದಲ ಸಾಲನ್ನೇ ಎತ್ತರದಲ್ಲಿ ಹಿಡಿದರೆ ಕೊನೆಯಲ್ಲಿ ಗಂಟಲು ಕೈಕೊಡುತ್ತದೆ. 'ಜಿಂಗಲ್ ಬೆಲ್ಸ್' ಮಕ್ಕಳಿಗೆ ಇಷ್ಟ, ಕಲಿಯಲಿ. ಆದರೆ 1857ರಲ್ಲಿ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದ ಆ ಹಾಡಿನಲ್ಲಿ ಇರುವುದು ಹಿಮದ ಮೇಲಿನ ಜಾರುಬಂಡಿ. ಬಾಲಯೇಸುವಿನ ಹೆಸರೇ ಇಲ್ಲ. ಗೋದಲಿಯ ಮುಂದೆ ಅದು ಬೇಡ.

ಯಾವಾಗ, ಎಲ್ಲಿ?

ಡಿಸೆಂಬರ್ 1ರಿಂದಲೇ ದಿನಕ್ಕೊಂದು ಕ್ಯಾರಲ್ ಎಂಬ ಸವಾಲಿಗೂ ಧರ್ಮಸಭೆಯ ಪಂಚಾಂಗಕ್ಕೂ ಹೊಂದಿಕೆಯಿಲ್ಲ ಎಂಬುದನ್ನು ಹೇಳಲೇಬೇಕು. ಅದು ಆಗಮನ ಕಾಲ. ಪೂಜಾಗ್ರಂಥದ ಸಾಮಾನ್ಯ ಸೂಚನೆಗಳ 313ನೇ ಕ್ರಮಾಂಕವು ಆಗಮನ ಕಾಲದಲ್ಲಿ ವಾದ್ಯಗಳನ್ನು ಮಿತವಾಗಿ ಬಳಸಬೇಕು, ಕ್ರಿಸ್ತಜಯಂತಿಯ ಪೂರ್ಣ ಸಂತೋಷವನ್ನು ಮುಂಚಿತವಾಗಿ ಪ್ರಕಟಿಸಬಾರದು ಎನ್ನುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಲು ಅಡ್ಡಿಯಿಲ್ಲ. ಲೇಖಕರ ಅಭಿಪ್ರಾಯದಲ್ಲಿ ಡಿಸೆಂಬರ್ 24ರ ತನಕ ಕಲಿತು, 25ರಿಂದ ಸವಾಲು ಆರಂಭಿಸುವುದೇ ಸರಿ. ಕ್ರಿಸ್ಮಸ್ ಕಾಲ ಜನವರಿಯಲ್ಲಿ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಇದೆ. ನಾವೋ 26ಕ್ಕೇ ನಕ್ಷತ್ರ ಇಳಿಸಲು ಏಣಿ ಹುಡುಕುತ್ತೇವೆ.

ಬಲಿಪೂಜೆಯಲ್ಲಿ ಉಕುಲೆಲೆ ನುಡಿಸಬಹುದೇ? 1903ರಲ್ಲಿ ಜಗದ್ಗುರು ಹತ್ತನೇ ಪಿಯೂಸ್ ದೇವಾಲಯದಲ್ಲಿ ಪಿಯಾನೋವನ್ನೇ ನಿಷೇಧಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್‌ಗೆ ಗೌರವದ ಸ್ಥಾನ ಕೊಟ್ಟು, ಪವಿತ್ರ ಬಳಕೆಗೆ ಒಗ್ಗುವ ಇತರ ವಾದ್ಯಗಳನ್ನು ಸ್ಥಳೀಯ ಅಧಿಕಾರಿಗಳ ಸಮ್ಮತಿಯಿಂದ ಬಳಸಲು ದಾರಿ ಬಿಟ್ಟಿತು. ಆದ್ದರಿಂದ ಮೊದಲು ಧರ್ಮಗುರುಗಳನ್ನು ಕೇಳುವುದು, ಒಪ್ಪಿದರೆ ಹಾಡಿಗೆ ಆಸರೆಯಾಗುವಷ್ಟೇ ಮೆಲ್ಲಗೆ ನುಡಿಸುವುದು.

ಇನ್ನುಳಿದದ್ದು ಭಾಷೆಯ ವಿಚಾರ. ತಿಪಟೂರಿನ ಬೀದಿಯಲ್ಲಿ ಬಾಗಿಲು ತೆರೆದು ನಿಂತ ಅಜ್ಜಿಗೆ ನಮ್ಮ ಕೊಂಕಣಿಯೂ ತಿಳಿಯದು, ಇಂಗ್ಲಿಷೂ ತಿಳಿಯದು. ಆದರೆ ಡಿಸೆಂಬರಿನಲ್ಲಿ ದೇವರ ಹಾಡು ಎಂಬುದು ಆಕೆಗೆ ಅಪರಿಚಿತವಲ್ಲ. ತಿಂಗಳ ನಡುವಿಗೆ ಧನುರ್ಮಾಸ ಹಿಡಿಯುತ್ತದೆ, ನಸುಕಿನ ಪೂಜೆ, ಭಜನೆ ಅಲ್ಲಿಯ ವಾಡಿಕೆ. ಆಕೆಯ ಮುಂದೆ ಕನ್ನಡದಲ್ಲಿ ಹಾಡಬೇಕು. ಕನ್ನಡದಲ್ಲಿ ಕ್ರೈಸ್ತ ಗೀತೆಗಳಿಗೆ ಬರವಿಲ್ಲ. ನಿಘಂಟಿನ ಕಿಟೆಲ್ ಅವರು 1862ರಷ್ಟು ಹಿಂದೆಯೇ ಯೇಸುಸ್ವಾಮಿಯ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಹೊಂದಿಸಿದ್ದರು. ಒಂದು ಮನೆಗೆ ಎರಡು ಹಾಡು ಸಾಕು: ಒಂದು ಕನ್ನಡದ್ದು, ಇನ್ನೊಂದು ಹಾಡುವವರ ಮನೆಮಾತಿನದ್ದು.

ಹೊರಡುವ ಮುನ್ನ ಒಂದು ಸೂಚನೆ. ಘಟ್ಟದ ಮೇಲೆ ಡಿಸೆಂಬರ್ ರಾತ್ರಿಗೆ ಚಳಿ ಜಾಸ್ತಿ. ಬೆಚ್ಚಗಿನ ಕೋಣೆಯಿಂದ ಹೊರಗೆ ತಂದ ವಾದ್ಯದ ಶ್ರುತಿ ಸ್ವಲ್ಪ ಹೊತ್ತಿನಲ್ಲೇ ಕದಲುತ್ತದೆ. ಹೊಸ ನೈಲಾನ್ ತಂತಿಗಳಂತೂ ಮೊದಲ ಕೆಲವು ದಿನ ಜಗ್ಗುತ್ತಲೇ ಇರುತ್ತವೆ. ಆದ್ದರಿಂದ ತಂತಿ ಬದಲಿಸುವುದಿದ್ದರೆ ಹಬ್ಬಕ್ಕೆ ಎರಡು ವಾರ ಮೊದಲೇ ಬದಲಿಸಿ, ಪ್ರತಿ ಮನೆಯ ಗೇಟಿನ ಬಳಿ ನಿಂತು ಶ್ರುತಿ ನೋಡಿಕೊಂಡೇ ಒಳಗೆ ಕಾಲಿಡಬೇಕು.